ಚಿತ್ರ ತೆಗೆಯುವ ಪಾಠ, ಚಿತ್ರ ತಿದ್ದುವ ಪಾಠ

ಐವತ್ತು ರೂಪಾಯಿಯ ಹೊಸ ನೋಟೊಂದು ನಿಮ್ಮಲ್ಲಿದ್ದರೆ ಅದರ ಹಿಂಬದಿಯನ್ನು ಒಮ್ಮೆ ನೋಡಿ. 2017ರಲ್ಲಿ ಹೊರಬಂದ ಆ ನೋಟಿನ ಮೇಲೆ ಹಂಪಿಯ ಕಲ್ಲಿನ ರಥದ ಚಿತ್ರವಿದೆ. ರಥದ ನೆತ್ತಿ ಬೋಳಾಗಿದೆ. ನಾವೆಲ್ಲ ಅದನ್ನು ಹಾಗೆಯೇ ನೋಡುತ್ತ ಬಂದಿರುವುದರಿಂದ ಅದು ಮೊದಲಿನಿಂದಲೂ ಹಾಗೆಯೇ ಇತ್ತೆಂದು ಭಾವಿಸಿದ್ದೇವೆ. ಆದರೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವುಗಳ ಮೇಲೆ ಹಂಪಿಯ ಛಾಯಾಚಿತ್ರಗಳನ್ನು ತೆಗೆದರು. ಆ ಚಿತ್ರಗಳಲ್ಲಿ ಈ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಅನಂತರದ ಕಾಲದಲ್ಲಿ ಅದನ್ನು ತೆಗೆದುಹಾಕಲಾಯಿತು. ಶಿಖರ ಹೋಯಿತು, ಚಿತ್ರ ಉಳಿಯಿತು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲಿಯೇ ಕ್ಯಾಮರಾ ನಿಲ್ಲಿಸಿ, ಅವೇ ದೃಶ್ಯಗಳನ್ನು ಮತ್ತೆ ಹಿಡಿದರು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಡುವಣ 127 ವರ್ಷಗಳಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂಬುದು ಕಣ್ಣಿಗೆ ಕಾಣುತ್ತದೆ.

ಈಗ ಒಂದು ಪ್ರಶ್ನೆ. ಗ್ರೀನ್‌ಲಾ ಅವರಿಗೆ ಆ ಇಟ್ಟಿಗೆಯ ಶಿಖರ ಅಂದವಾಗಿ ಕಾಣದೆ ಹೋಗಿ, ಅದನ್ನು ಚಿತ್ರದಿಂದ ಅಳಿಸಿಬಿಟ್ಟಿದ್ದರೆ? ಅವರ ಕಾಲದಲ್ಲಿ ಅದು ಬಹು ಪ್ರಯಾಸದ ಕೆಲಸವಾಗುತ್ತಿತ್ತು. ಇಂದು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮೊಬೈಲ್ ಫೋನಿನ ಮೇಲೆ ಬೆರಳಾಡಿಸಿ, ಎರಡು ನಿಮಿಷಗಳಲ್ಲಿ ಅದನ್ನು ಮಾಡಿ ಮುಗಿಸಬಲ್ಲ. ಚಿತ್ರ ತೆಗೆಯುವುದು ಎಷ್ಟು ಸುಲಭವಾಗಿದೆಯೋ ಅದನ್ನು ಬದಲಿಸುವುದೂ ಅಷ್ಟೇ ಸುಲಭವಾಗಿದೆ. ಆದುದರಿಂದಲೇ ಈ ಎರಡನ್ನೂ ಪ್ರೌಢಶಾಲೆಯ ತರಗತಿಯಲ್ಲಿ ಒಟ್ಟಿಗೆ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ಕಲಿಸುವುದಕ್ಕೆ ತುಂಗಭದ್ರೆಯ ಈಚೆಯ ದಂಡೆಯ ನಾಡು, 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಕೊಪ್ಪಳ, ತನ್ನ ಊರುಗಳನ್ನೇ ಪಾಠಶಾಲೆಯಾಗಿ ಒಡ್ಡುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಹೆಸರುಗಳನ್ನು ನಾಲ್ಕು ಪಾಠಗಳಿಗೆ ಇಟ್ಟುಕೊಂಡು ಅಂಥದೊಂದು ತರಗತಿ ಹೇಗಿರಬಹುದೆಂದು ವಿವರಿಸುತ್ತೇನೆ.

ಪಾಠಗಳಿಗೆ ಮೊದಲು ಕ್ಯಾಮರಾದ ಒಳಗೆ ನಡೆಯುವುದೇನು ಎಂಬುದನ್ನು ತಿಳಿದುಕೊಳ್ಳೋಣ. ಹಳೆಯ ಕ್ಯಾಮರಾದಲ್ಲಿ ಮಸೂರದಿಂದ ಬಂದ ಬೆಳಕು ಬೆಳ್ಳಿಯ ಲವಣ ಬಳಿದ ಫಿಲ್ಮಿನ ಮೇಲೆ ಬೀಳುತ್ತಿತ್ತು. ಡಿಜಿಟಲ್ ಕ್ಯಾಮರಾದಲ್ಲಿ ಫಿಲ್ಮಿನ ಜಾಗದಲ್ಲಿ ಸೆನ್ಸರ್ ಎಂಬ ಒಂದು ಬಿಲ್ಲೆ ಇರುತ್ತದೆ. ಅದರ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಚೌಕಗಳು. ಮಳೆ ಬರುವಾಗ ಅಂಗಳದ ತುಂಬ ಬಟ್ಟಲುಗಳನ್ನು ಸಾಲಾಗಿ ಇಟ್ಟಂತೆ ಎಂದುಕೊಳ್ಳಿ. ಯಾವ ಬಟ್ಟಲಿನಲ್ಲಿ ಎಷ್ಟು ನೀರು ನಿಂತಿತೆಂದು ಅಳೆದು ಬರೆದಿಟ್ಟರೆ ಅಂಗಳದ ಯಾವ ಮೂಲೆಯಲ್ಲಿ ಮಳೆ ಎಷ್ಟಾಯಿತೆಂದು ಗೊತ್ತಾಗುತ್ತದೆ. ಹಾಗೆಯೇ ಪ್ರತಿ ಚೌಕಕ್ಕೆ ಬಿದ್ದ ಬೆಳಕನ್ನು ಅಳೆದು ಯಂತ್ರವು ಅದಕ್ಕೊಂದು ಸಂಖ್ಯೆಯನ್ನು ಕೊಡುತ್ತದೆ. ಹೀಗೆ ಸಂಖ್ಯೆ ಪಡೆದ ಒಂದೊಂದು ಚುಕ್ಕೆಗೂ ಪಿಕ್ಸೆಲ್ ಎಂದು ಹೆಸರು. ಸಾಮಾನ್ಯವಾಗಿ 0 ಎಂದರೆ ಕಡುಗಪ್ಪು, 255 ಎಂದರೆ ಅಚ್ಚಬಿಳುಪು; ನಡುವೆ ಉಳಿದ ಮಟ್ಟಗಳು. ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳಿಗೂ ಹೀಗೆ 256 ಮಟ್ಟಗಳಿದ್ದರೆ ಅವುಗಳ ಬೆರಕೆಯಿಂದ 1,67,77,216 ಬಣ್ಣಗಳು ಹುಟ್ಟುತ್ತವೆ.

1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾದಲ್ಲಿ ಅಡ್ಡಕ್ಕೆ ನೂರು, ಉದ್ದಕ್ಕೆ ನೂರು, ಒಟ್ಟು 10,000 ಚುಕ್ಕೆಗಳಿದ್ದವು. ಅದರ ತೂಕ ಮೂರೂವರೆ ಕಿಲೋಗ್ರಾಮಿಗೂ ಹೆಚ್ಚು; ಒಂದು ಚಿತ್ರ ಕ್ಯಾಸೆಟ್ಟಿನ ಟೇಪಿನ ಮೇಲೆ ದಾಖಲಾಗಲು 23 ಸೆಕೆಂಡು ಬೇಕಾಗಿತ್ತು. ಇಂದಿನ ಸಾಧಾರಣ ಫೋನಿನ ಚಿತ್ರದಲ್ಲಿ 4,000 ಚುಕ್ಕೆಗಳ ಅಡ್ಡಸಾಲು 3,000 ಇದ್ದರೆ, ಒಟ್ಟು ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕೆಗಳಾದವು. ಸ್ಯಾಸನ್ನರ ಯಂತ್ರದ ಸಾವಿರದ ಇನ್ನೂರು ಪಟ್ಟು! ಈ ಗುಣಾಕಾರವನ್ನು ಮಕ್ಕಳಿಂದಲೇ ಮಾಡಿಸಿದರೆ ಚಿತ್ರವೆಂಬುದು ಸಂಖ್ಯೆಗಳ ಹಾಸು ಎಂಬ ಮಾತು ಅವರ ಮನಸ್ಸಿಗೆ ಹತ್ತುತ್ತದೆ. ಸಂಖ್ಯೆಯಾದುದರಿಂದಲೇ ಅದನ್ನು ಕೂಡಬಹುದು, ಕಳೆಯಬಹುದು, ಬದಲಿಸಬಹುದು. ತಿದ್ದುವ ವಿದ್ಯೆಯ ಮೂಲ ಇದೇ.

ಮೊದಲ ಪಾಠ ಕೊಪ್ಪಳದ್ದು, ಬೆಳಕಿನ ಪಾಠ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಲ್ಲಕ್ಕಿಯ ಆಕಾರದ ಬಂಡೆಯಿಂದ ಹೆಸರು ಪಡೆದ ಪಾಲ್ಕಿಗುಂಡುವಿನಲ್ಲಿಯೂ ಅಶೋಕನ ಕಿರು ಶಿಲಾಶಾಸನಗಳಿವೆ. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ. 1931ರಲ್ಲಿ ಬೆಳಕಿಗೆ ಬಂದ ಇವುಗಳನ್ನು ಮರುವರ್ಷ ಆರ್. ಎಲ್. ಟರ್ನರ್ ಅವರು ಹೈದರಾಬಾದಿನ ಪುರಾತತ್ವ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಇಂಥ ಅಕ್ಷರವಿರಲಿ, ಊರ ಬಾಗಿಲಿನ ವೀರಗಲ್ಲಿರಲಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಚಿತ್ರ ತೆಗೆದರೆ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಬೆಳಗಿನ ಅಥವಾ ಇಳಿಹೊತ್ತಿನ ಸೂರ್ಯನ ಕಿರಣ ಕಲ್ಲಿನ ಮೈಗೆ ಓರೆಯಾಗಿ ಸವರಿಕೊಂಡು ಹೋದಾಗ ಕೊರೆದ ಗೆರೆಯ ಒಂದು ಅಂಚು ಬೆಳಗಿ ಇನ್ನೊಂದು ಅಂಚು ನೆರಳಾಗುತ್ತದೆ. ಮಾಸಿದ ಅಕ್ಷರ ಎದ್ದು ನಿಲ್ಲುತ್ತದೆ. ಬಿಸಿಲು ತಲುಪದ ಕಡೆಯಲ್ಲಿ ಬಿಳಿಯ ಹಾಳೆಯನ್ನೋ ಕನ್ನಡಿಯನ್ನೋ ಪಕ್ಕದಲ್ಲಿ ಹಿಡಿದು ಬೆಳಕನ್ನು ತಿರುಗಿಸಬಹುದು. ಅಕ್ಷರ ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ ತಿಕ್ಕುವ ಕೆಟ್ಟ ಅಭ್ಯಾಸ ಇದರಿಂದ ತಪ್ಪುತ್ತದೆ. ಹುಡುಗರನ್ನು ಒಂದೇ ವೀರಗಲ್ಲಿನ ಮುಂದೆ ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದೂವರೆಗೆ ನಿಲ್ಲಿಸಿ ಮೂರು ಚಿತ್ರ ತೆಗೆಸಿದರೆ ಸಾಕು. ಹೆಚ್ಚಿನ ವಿವರಣೆಯೇ ಬೇಡ.

ಈ ಪಾಠದೊಡನೆ ಇನ್ನೊಂದು ಮಾತನ್ನು ಸೇರಿಸಬೇಕು. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಸುಣ್ಣ ಬಳಿದ ಗೋಡೆಯ ಚಿತ್ರ ತೆಗೆದಾಗ ಗೋಡೆ ಬರಿಯ ಬಿಳುಪಾಗಿ, ಅದರ ಬಿರುಕು ಕಲೆಗಳೊಂದೂ ಕಾಣದಾಗುವುದುಂಟು. ಏಕೆ? ಬಟ್ಟಲುಗಳೆಲ್ಲ ತುಂಬಿ ತುಳುಕಿವೆ. ಎಲ್ಲ ಚುಕ್ಕೆಗಳ ಸಂಖ್ಯೆಯೂ 255. ಆಮೇಲೆ ಕಂಪ್ಯೂಟರಿನಲ್ಲಿ ಕತ್ತಲು ಮಾಡಹೋದರೆ ಎಲ್ಲವೂ ಒಟ್ಟಿಗೆ 200 ಆದೀತು, ಬಿಳಿಯ ಗೋಡೆ ಬೂದು ಗೋಡೆಯಾದೀತು. ಹೋದ ಬಿರುಕು ಮರಳಿ ಬಾರದು. ತುಸು ಕತ್ತಲಾಗಿ ಬಂದ ಚಿತ್ರದಲ್ಲಾದರೋ ಒಂದು ಚುಕ್ಕೆ 40, ಇನ್ನೊಂದು 46 ಎಂಬ ವ್ಯತ್ಯಾಸ ಉಳಿದಿರುತ್ತದೆ. ಆ ವ್ಯತ್ಯಾಸವನ್ನು ಹಿಗ್ಗಿಸಿ ಕಾಣಿಸಬಹುದು. ಹಿಡಿಯುವಾಗ ಕಳೆದುಕೊಂಡದ್ದನ್ನು ತಿದ್ದುವಾಗ ಗಳಿಸಲಾಗದು ಎಂಬುದು ಇಲ್ಲಿಂದಲೇ ಮನವರಿಕೆಯಾಗಬೇಕು.

ಎರಡನೆಯ ಪಾಠ ಗಂಗಾವತಿಯದು, ನಿಲ್ಲುವ ಜಾಗದ ಪಾಠ. ಆ ತಾಲ್ಲೂಕಿನ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಬೃಹತ್ ಶಿಲಾಯುಗದ ಜನ ಕಲ್ಲುಚಪ್ಪಡಿಗಳಿಂದ ಕಟ್ಟಿದ ನೂರಾರು ಸಮಾಧಿಗಳಿವೆ. ಜನ ಅದನ್ನು ಮೋರ್ಯರ ಗುಡ್ಡವೆನ್ನುತ್ತಾರೆ. 2021ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಅದು ಸೇರಿದೆ. ಕೆಲವು ಕಲ್ಮನೆಗಳ ಒಂದು ಬದಿಯ ಚಪ್ಪಡಿಯಲ್ಲಿ ದುಂಡಗಿನ ಕಿಂಡಿ ಕೊರೆದಿದ್ದಾರೆ. ಅಂಥ ಕಲ್ಮನೆಯ ಚಿತ್ರವನ್ನು ಮಾತ್ರ ತೋರಿಸಿದರೆ ಅದು ಮೊಳದೆತ್ತರವೋ ಆಳೆತ್ತರವೋ ಎಂಬುದು ಅಲ್ಲಿಗೆ ಹೋಗದವನಿಗೆ ತಿಳಿಯುವುದಿಲ್ಲ. ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿ ನಿಂತರೆ, ಇಲ್ಲವೆ ಅಳತೆಯ ಕೋಲನ್ನಿಟ್ಟರೆ ತಿಳಿಯುತ್ತದೆ. ನೆಲಕ್ಕೆ ಕುಳಿತು ಮೇಲ್ಮುಖವಾಗಿ ತೆಗೆದರೆ ಸಣ್ಣ ಕಲ್ಲೂ ಕೋಟೆಯಂತೆ ಕಾಣುತ್ತದೆ. ಎತ್ತರದಿಂದ ತೆಗೆದರೆ ಕೋಟೆಯೂ ಕಲ್ಲುಗುಂಡಿನಂತೆ ಕಾಣುತ್ತದೆ. ಯಾವುದನ್ನೂ ಅಳಿಸದೆ, ಯಾವುದನ್ನೂ ಸೇರಿಸದೆ, ಕೇವಲ ನಿಲ್ಲುವ ಜಾಗದಿಂದಲೇ ಚಿತ್ರ ಮಾತನ್ನು ಬದಲಿಸಬಲ್ಲದು. ಚಿತ್ರದ ಚೌಕಟ್ಟಿನೊಳಗೆ ಬಂದುದರಷ್ಟೇ ಹೊರಗೆ ಉಳಿದುದೂ ಮುಖ್ಯ. ನಾಳೆ ಸುದ್ದಿಯೊಂದರ ಜೊತೆಯಲ್ಲಿ ಬಂದ ಚಿತ್ರವನ್ನು ನೋಡುವಾಗ, ‘ತೆಗೆದವರು ಎಲ್ಲಿ ನಿಂತಿದ್ದರು? ಪಕ್ಕದಲ್ಲಿ ಏನಿತ್ತು?’ ಎಂದು ಕೇಳುವ ಬುದ್ಧಿ ಈ ಪಾಠದಿಂದ ಬರುತ್ತದೆ.

ಮೂರನೆಯ ಪಾಠವನ್ನು ಕುಷ್ಟಗಿಯ ಸಂತೆಯಲ್ಲಿ ಮಾಡಬೇಕು. ಅದು ಮುಖಗಳ ಪಾಠ. ಸಜ್ಜೆ ಜೋಳ ಬೆಳೆಯುವ ಒಣಸೀಮೆಯ ರೈತ, ತರಕಾರಿ ಮಾರುವ ಮುದುಕಿ, ಕುರಿಕಾಯುವ ಹುಡುಗ, ಇವರ ಚಿತ್ರಗಳನ್ನು ತೆಗೆಯುವುದಕ್ಕೆ ಮೊದಲು ‘ಅವ್ವಾ, ನಿಮ್ಮದೊಂದು ಪಟ ತಗೀಲೇನ್ರಿ?’ ಎಂದು ಕೇಳುವುದೇ ಈ ಪಾಠದ ಮೊದಲ ಅಭ್ಯಾಸ. ಬೇಡವೆಂದರೆ ಕ್ಯಾಮರಾ ಕೆಳಗಿಳಿಸುವುದು ಎರಡನೆಯದು. ತೆಗೆದ ಮೇಲೆ ಅವರಿಗೆ ತೋರಿಸುವುದು ಮೂರನೆಯದು. ಮೈಸೂರಿನ ಟಿ. ಎಸ್. ಸತ್ಯನ್ ಅವರು (1923–2009) ಸಾಮಾನ್ಯ ಜನರ ದಿನದಿನದ ಬಾಳನ್ನು ಕಪ್ಪುಬಿಳುಪಿನಲ್ಲಿ ಹಿಡಿದು ಹೆಸರಾದವರು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾಗಿದ್ದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಯುನಿಸೆಫ್ ಪ್ರದರ್ಶಿಸಿತು. ಮನುಷ್ಯರ ಚಿತ್ರ ತೆಗೆಯಹೊರಟ ಮಕ್ಕಳಿಗೆ ತೋರಿಸಲು ಸತ್ಯನ್ನರ ಚಿತ್ರಗಳಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಮುಖದ ಮಾತು ಬಂದಾಗ ಮಕ್ಕಳಿಗೆ ತೀರ ಹತ್ತಿರದ ವಿಷಯವೊಂದಿದೆ. ಹಲವು ಫೋನುಗಳಲ್ಲಿ ಮುಖವನ್ನು ‘ಸುಂದರ’ಗೊಳಿಸುವ ಏರ್ಪಾಡು ಇರುತ್ತದೆ. ಅದು ಚರ್ಮವನ್ನು ನಯಗೊಳಿಸುತ್ತದೆ, ಬಣ್ಣವನ್ನು ತಿಳಿಯಾಗಿಸುತ್ತದೆ, ಕೆಲವೊಮ್ಮೆ ಕಣ್ಣನ್ನು ಹಿರಿದಾಗಿಸಿ ಗಲ್ಲವನ್ನು ಕಿರಿದಾಗಿಸುತ್ತದೆ. ಬಿಸಿಲಿಗೆ ಮಾಗಿದ ನಮ್ಮ ಹೆಣ್ಣುಮಗು ತನ್ನ ಚಿತ್ರವನ್ನು ನೋಡಿ, ಇದೇ ತಾನಿರಬೇಕಾದ ರೀತಿ, ಕನ್ನಡಿಯಲ್ಲಿರುವುದು ಕುಂದು ಎಂದು ತಿಳಿಯುವ ಅಪಾಯವಿದೆ. ತಿದ್ದುವ ಕ್ರಮವನ್ನು ಬಲ್ಲ ಹುಡುಗಿಗೆ ಇದರ ಮರ್ಮ ತಿಳಿದಿರುತ್ತದೆ. ಯಾರೋ ಎಲ್ಲಿಯೋ ಕುಳಿತು, ಎಲ್ಲ ಮುಖಗಳಿಗೂ ಒಂದೇ ಲೆಕ್ಕ ಹಾಕಿ, ಸಂಖ್ಯೆಗಳನ್ನು ಏರಿಸಿದ್ದಾರೆ, ಅಷ್ಟೆ. ಆ ಏರ್ಪಾಡನ್ನು ಆರಿಸಿ, ಮರದ ನೆರಳಿನ ಮೆತ್ತನೆಯ ಬೆಳಕಿನಲ್ಲಿ ಗೆಳತಿಯ ಚಿತ್ರ ತೆಗೆದು ನೋಡಲಿ. ಕಪ್ಪು ಮೈಬಣ್ಣದ ಹೊಳಪು ಎಷ್ಟು ಸೊಗಸೆಂಬುದನ್ನು ಆ ಚಿತ್ರವೇ ಹೇಳುತ್ತದೆ.

ಇನ್ನು ನಾಲ್ಕನೆಯದು, ತಿದ್ದುವ ಪಾಠ. ಇದಕ್ಕೆ ಯಲಬುರ್ಗಾ ಸೀಮೆಗೆ ಹೋಗೋಣ. ಹಿಂದೆ ಆ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯ ಮಹಾದೇವ ದೇವಾಲಯವನ್ನು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ. ಅಲ್ಲಿಯ ಶಾಸನ ಅದನ್ನು ದೇವಾಲಯ ಚಕ್ರವರ್ತಿಯೆಂದು ಹೊಗಳುತ್ತದೆ. ವಿದ್ಯಾರ್ಥಿಯೊಬ್ಬ ಅದರ ಚಿತ್ರ ತೆಗೆದಿದ್ದಾನೆ ಎನ್ನೋಣ. ಕ್ಯಾಮರಾ ವಾಲಿದ್ದರಿಂದ ದೇವಾಲಯ ಓರೆಯಾಗಿದೆ; ಬೆಳಕು ಸ್ವಲ್ಪ ಕಡಮೆ; ಎಡಗಡೆ ಬೇಡದ ಖಾಲಿ ಜಾಗ; ಬಲಗಡೆ ಒಂದು ತಂತಿ ಹಾದುಹೋಗಿದೆ. ಅವನು ಏನು ಮಾಡಬೇಕು?

ಓರೆಯನ್ನು ನೇರ ಮಾಡಬಹುದು. ಬೆಳಕನ್ನು ಹೆಚ್ಚಿಸಬಹುದು. ಖಾಲಿ ಜಾಗವನ್ನು ಕತ್ತರಿಸಬಹುದು. ತಂತಿಯನ್ನು? ಪಕ್ಕದ ಆಕಾಶದ ಚುಕ್ಕೆಗಳನ್ನು ನಕಲು ಮಾಡಿ ತಂತಿಯ ಮೇಲೆ ಅಂಟಿಸುವ ಉಪಕರಣ ಚಿತ್ರ ತಿದ್ದುವ ಹಲವು ತಂತ್ರಾಂಶಗಳಲ್ಲಿ ಇದೆ. ಗೋಡೆಗೆ ತೂಗುಹಾಕುವ ಅಲಂಕಾರದ ಪಟವಾದರೆ ತೆಗೆಯಲಿ. ಊರಿನ ದಾಖಲೆಯಾದರೆ ತೆಗೆಯಬಾರದು. ಏಕೆಂದರೆ ಇಂಥ ವರ್ಷ ಇಲ್ಲಿ ತಂತಿ ಇತ್ತು ಎಂಬುದೂ ಒಂದು ಸಂಗತಿ. ರಥದ ಮೇಲಿನ ಇಟ್ಟಿಗೆಯ ಶಿಖರವನ್ನು ನೆನೆದುಕೊಳ್ಳಿ. ಇಂದು ನಮಗೆ ಕಸವೆನಿಸಿದ್ದು ಮುಂದೆ ಬರುವವರಿಗೆ ಸಾಕ್ಷಿಯಾದೀತು.

ಸಾಹಿತ್ಯಾಸಕ್ತರಿಗೆ ಈ ವಿವೇಕ ಹೊಸದಲ್ಲ. ಗ್ರಂಥಸಂಪಾದನೆ ಮಾಡುವ ವಿದ್ವಾಂಸರು ಅನುಸರಿಸುವ ನಿಯಮಗಳೇ ಚಿತ್ರಸಂಪಾದನೆಗೂ ಸಲ್ಲುತ್ತವೆ. ಮೊದಲನೆಯದು, ಮೂಲಪ್ರತಿಯನ್ನು ಮುಟ್ಟಬಾರದು. ಕ್ಯಾಮರಾದಿಂದ ಬಂದ ಚಿತ್ರವನ್ನು ಹಾಗೆಯೇ ಕಾದಿರಿಸಿ, ಅದರ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಬೇಕು. ಎರಡನೆಯದು, ಪ್ರತಿಯಿಂದ ಪ್ರತಿ ಮಾಡುತ್ತ ಹೋದರೆ ಪಾಠ ಕೆಡುತ್ತದೆ. ಓಲೆಗರಿಯ ಲಿಪಿಕಾರರ ಕೈಯಲ್ಲಿ ಆದಂತೆಯೇ ಇಲ್ಲಿಯೂ ಆಗುತ್ತದೆ. ಚಿತ್ರಗಳನ್ನು ಸಾಮಾನ್ಯವಾಗಿ ಕೂಡಿಡುವುದು 1992ರಲ್ಲಿ ರೂಪುಗೊಂಡ ಜೆಪೆಗ್ ಎಂಬ ಕ್ರಮದಲ್ಲಿ. ಜಾಗ ಉಳಿಸಲೆಂದು ಅದು ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರಗಳನ್ನು ಬಿಟ್ಟುಬಿಡುತ್ತದೆ. ತಿದ್ದಿ ಉಳಿಸಿದಂತೆಲ್ಲ ಮತ್ತಷ್ಟು ವಿವರ ಉದುರುತ್ತದೆ. ಮೂರನೆಯದು, ನಷ್ಟವಾದ ಕಡೆಯಲ್ಲಿ ಊಹೆಯನ್ನು ತುಂಬಬಾರದು. ಪಾಲ್ಕಿಗುಂಡುವಿನ ಶಾಸನ ಬಹಳ ಸವೆದಿದೆ. ಶಾಸನತಜ್ಞರು ಅಳಿದ ಅಕ್ಷರಗಳ ಜಾಗವನ್ನು ಅಳಿದದ್ದೆಂದೇ ಗುರುತಿಸಿ ತೋರಿಸುತ್ತಾರೆ. ತಮ್ಮ ಊಹೆಯನ್ನು ಕಂಸದಲ್ಲಿಡುತ್ತಾರೆ. ನಾಲ್ಕನೆಯದು, ಏನನ್ನು ತಿದ್ದಿದ್ದೇವೆಂಬುದನ್ನು ಬರೆದಿಡಬೇಕು. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡದ ಸಂಪಾದಕರನ್ನು ನಾವು ನಂಬುವುದುಂಟೆ?

ತಿದ್ದುವುದೇ ತಪ್ಪು ಎಂದು ಇದರ ಅರ್ಥವಲ್ಲ. ಫಿಲ್ಮಿನ ಕಾಲದಲ್ಲಿಯೂ ಸ್ಟುಡಿಯೋಗಳಲ್ಲಿ ನೆಗೆಟಿವಿನ ಮೇಲೆ ಮೊನೆಯಾದ ಪೆನ್ಸಿಲಿನಿಂದ ತೀಡಿ ಮುಖದ ಕಲೆಗಳನ್ನು ಮರೆಸುತ್ತಿದ್ದರು. ಕಪ್ಪುಬಿಳುಪು ಚಿತ್ರಗಳಿಗೆ ಕೈಯಿಂದ ಬಣ್ಣ ತುಂಬುತ್ತಿದ್ದರು. ಅದೂ ಒಂದು ಕಲೆ. ತಿದ್ದುವ ಕೆಲಸದಲ್ಲಿ ಪದರಗಳ ಬಳಕೆಯನ್ನು ಕಲಿಸುವಾಗ ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರನ್ನು ನೆನೆಯಬಹುದು. ಅವರು ಹಗುರಾದ ಮರದಲ್ಲಿ ಗೊಂಬೆಯನ್ನು ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ ಮೈಯನ್ನು ಸಮಮಾಡಿ, ಬಿಳಿಯ ತಳಬಣ್ಣ ಬಳಿದು, ಅದರ ಮೇಲೆ ಬಣ್ಣಗಳನ್ನು ಒಂದರ ಮೇಲೊಂದಾಗಿ ಏರಿಸುತ್ತಾರೆ. ಕಂಪ್ಯೂಟರಿನಲ್ಲಿಯೂ ಮೂಲಚಿತ್ರ ತಳದಲ್ಲಿದ್ದು, ತಿದ್ದುಪಡಿಗಳನ್ನು ಮೇಲಿನ ಪದರಗಳಲ್ಲಿ ಮಾಡಬಹುದು. ಗೊಂಬೆಯ ಬಣ್ಣವನ್ನು ಕಳಚಲು ಬಾರದು. ಇಲ್ಲಿ ಮೇಲಿನ ಪದರವನ್ನು ಸರಿಸಿದರೆ ತಳದ ಚಿತ್ರ ಇದ್ದಂತೆಯೇ ಇರುತ್ತದೆ. ತಿದ್ದುವವನು ಪ್ರಾಮಾಣಿಕನಾಗಿರಲು ಈ ಏರ್ಪಾಡು ಬಹಳ ಅನುಕೂಲ.

ಇದಕ್ಕೆಲ್ಲ ಹಣವೆಲ್ಲಿ ಎಂದು ಮುಖ್ಯೋಪಾಧ್ಯಾಯರು ಕೇಳುವುದು ಸಹಜ. ಒಂದು ಸಾಧಾರಣ ಫೋನು, ಒಂದೆರಡು ಕಂಪ್ಯೂಟರು ಇದ್ದರೆ ತರಗತಿ ನಡೆಯುತ್ತದೆ. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶಗಳ ಹಂಗು ಬೇಡ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, 1995ರಲ್ಲಿ ಆರಂಭಿಸಿದ ಜಿಂಪ್ ಎಂಬ ತಂತ್ರಾಂಶ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ನಾನು ಹೇಳಿದ ಓರೆ ತಿದ್ದುವುದು, ಬೆಳಕು ಹೊಂದಿಸುವುದು, ಪದರಗಳು, ಎಲ್ಲವೂ ಅದರಲ್ಲಿವೆ. ಐದೈದು ಮಕ್ಕಳ ಗುಂಪಿಗೆ ಒಂದು ಚಿತ್ರ ಕೊಟ್ಟು, ಒಬ್ಬರು ತಿದ್ದುತ್ತ ಉಳಿದವರು ಚರ್ಚಿಸುತ್ತ ಹೋದರೆ ಸಾಧನಗಳ ಕೊರತೆಯೇ ಅನುಕೂಲವಾದೀತು. ಗಣಿತದ ಮೇಷ್ಟ್ರು ಚುಕ್ಕೆಗಳ ಲೆಕ್ಕವನ್ನೂ ವಿಜ್ಞಾನದವರು ಮಸೂರವನ್ನೂ ಚಿತ್ರಕಲೆಯವರು ಬೆಳಕು ನೆರಳನ್ನೂ ಹೇಳಿಕೊಡಬಹುದು.

ಮೇಲಾಗಿ, ತಿದ್ದುವ ವಿದ್ಯೆ ಇಂದು ಕೇಡಿನ ಕೈಗೂ ಸಿಕ್ಕಿದೆ. ಒಬ್ಬರ ಮುಖವನ್ನು ಇನ್ನೊಬ್ಬರ ಮೈಗೆ ಅಂಟಿಸಿ ಮಾನಹಾನಿ ಮಾಡುವವರಿದ್ದಾರೆ. ಕ್ಯಾಮರಾವೇ ಇಲ್ಲದೆ, ಕೇವಲ ಮಾತಿನ ಆಜ್ಞೆಯಿಂದ, ಎಂದೂ ನಡೆಯದ ಘಟನೆಯ ಚಿತ್ರವನ್ನು ಹುಟ್ಟಿಸುವ ಯಂತ್ರಗಳೂ ಬಂದಿವೆ. ಇವುಗಳನ್ನು ಮಕ್ಕಳಿಂದ ಮರೆಮಾಚಿ ಇಡುವುದು ಆಗದ ಮಾತು. ಗೆಳತಿಯ ಚಿತ್ರವನ್ನು ಅವಳನ್ನು ಕೇಳದೆ ಯಾರಿಗೂ ಕಳುಹಿಸಬಾರದು, ಅವಳ ಮೇಲೆ ಇಂಥ ಕೇಡು ಎಸಗಿದವನೇ ಅಪರಾಧಿ, ಅವಳಲ್ಲ, ಎಂಬ ಎರಡು ಮಾತುಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಹೇಳಬೇಕು. ತಾನೇ ತನ್ನ ಕೈಯಿಂದ ಒಂದು ತಂತಿಯನ್ನು ಆಕಾಶದಲ್ಲಿ ಕರಗಿಸಿ ನೋಡಿದ ಮಗು ಕಂಡದ್ದನ್ನೆಲ್ಲ ನಂಬುವುದಿಲ್ಲ. ಹಾಗೆಂದು ಎಲ್ಲವೂ ಸುಳ್ಳೆಂದು ಕೈಕೊಡಹುವುದೂ ಇಲ್ಲ. ಮೂಲವೆಲ್ಲಿ ಎಂದು ಕೇಳುತ್ತದೆ.

ಕೊನೆಯದಾಗಿ ಕನ್ನಡದ ಮೇಷ್ಟ್ರಿಗೆ ಒಂದು ಕೆಲಸವಿದೆ. ಅದು ಚಿತ್ರದ ಅಡಿಬರಹ. ಸ್ಥಳ, ದಿನ, ಹೊತ್ತು, ದಿಕ್ಕು, ಮಾಡಿದ ತಿದ್ದುಪಡಿ, ಇಷ್ಟನ್ನು ಮೂರು ನಾಲ್ಕು ಸಾಲುಗಳಲ್ಲಿ ವಿಶೇಷಣಗಳಿಲ್ಲದೆ ಬರೆಯುವ ಅಭ್ಯಾಸ. ವರ್ಷದ ಕೊನೆಗೆ ಪ್ರತಿ ಶಾಲೆಯಲ್ಲಿಯೂ ತನ್ನ ಊರಿನ ಇಪ್ಪತ್ತೋ ಮೂವತ್ತೋ ಚಿತ್ರಗಳ ಒಂದು ಸಂಪುಟ ಉಳಿಯಲಿ. ಐವತ್ತು ವರ್ಷಗಳ ತರುವಾಯ ಇನ್ನೊಂದು ಮಗು ಅದೇ ಜಾಗದಲ್ಲಿ ನಿಂತು ಮತ್ತೆ ಚಿತ್ರ ತೆಗೆಯಲಿ. ಅಂಥ ಅಡಿಬರಹ ಹೀಗಿದ್ದರೆ ಸಾಕು: ‘ವೀರಗಲ್ಲು. ಊರ ಬಾಗಿಲಿನ ಎಡಕ್ಕೆ, ಪೂರ್ವಕ್ಕೆ ಮುಖಮಾಡಿದೆ. ಬೆಳಿಗ್ಗೆ ಏಳು ಗಂಟೆ. ಪಕ್ಕದ ಕೋಲು ಒಂದು ಮೀಟರ್. ಚಿತ್ರದ ಬೆಳಕನ್ನು ಸ್ವಲ್ಪ ಹೆಚ್ಚಿಸಿದ್ದೇನೆ. ಬೇರೇನನ್ನೂ ತಿದ್ದಿಲ್ಲ.’